ಆರು ಖೋಲಿಯ ಅಮೃತವ್ವ

ಅಮೃತವ್ವನಿಗೆ ಈಗ ಬೇಕಾಗಿದ್ದದ್ದು ಒಂದೇ. ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಯಾರೂ ಬಾಗಿಲು ಬಡಿಯದಂತೆ ಒಂದು ತಾಸು ಮಲಗಬೇಕು. ಅದಕ್ಕಾಗಿ ಬಾಡಿಗೆಗೆ ಕೊಟ್ಟ ತನ್ನ ಆರು ಖೋಲಿಗಳನ್ನು ಮಾರಿಬಿಡಬೇಕೆಂದು ಅವಳು ಈ ಯುಗಾದಿಯ ಹೊತ್ತಿಗೆ ನಿಶ್ಚಯಿಸಿದ್ದಳು.

ಬೆಟಗೇರಿಯ ಆ ಓಣಿಯಲ್ಲಿ ಇದನ್ನು ಯಾರೂ ಒಪ್ಪಲಿಲ್ಲ. ಬಾಡಿಗೆ ಮನೆ ಇದ್ದವರು ಕುಂತು ಉಣ್ಣುವವರು ಎಂಬುದು ಜನರ ತಿಳಿವಳಿಕೆ.

"ನಿನಗೇನವಾ, ತಿಂಗಳಾದ್ರ ಆರು ಮನಿಯವ್ರು ಬಂದು ಕೈಯಾಗ ರೊಕ್ಕ ಇಡ್ತಾರ. ನಮ್ಮಂಗ ಬಿಸಲಾಗ ಕಳೇವು ತಗಿಯಾಕ ಹೋಗೂದೈತೇನು?" ಎಂದು ಎದುರು ಮನೆಯ ಸುಮಿತ್ರವ್ವ ವರ್ಷಗಟ್ಟಲೆ ಹೇಳುತ್ತ ಬಂದಿದ್ದಳು.

"ಎಮ್ಮಿ ಕಟ್ಟಿದಾಕಿಗೆ ಸಗಣಿ ಗೊತ್ತು, ಹಾಲು ಕೊಳ್ಳಾಕಿಗೆ ಏನು ಗೊತ್ತು," ಎಂದು ಅಮೃತವ್ವ ಒಮ್ಮೆ ಅಂದಿದ್ದಳು. ಆಮೇಲೆ ಉತ್ತರ ಕೊಡುವುದನ್ನೇ ಬಿಟ್ಟಿದ್ದಳು.

ಕಳಸಾಪುರದಿಂದ ಅವಳು ಸೊಸೆಯಾಗಿ ಬಂದಾಗ ಇಲ್ಲಿ ಖೋಲಿಗಳಿರಲಿಲ್ಲ. ಮುಂದೆ ಮನೆ, ಹಿಂದೆ ಉದ್ದನೆಯ ಹಂಚಿನ ಶೆಡ್ಡು, ಅದರೊಳಗೆ ಕರೆಂಟಿನ ಮಗ್ಗಗಳು. ಮಾವ ಹೊಲ ಮಾರಿ ಹಾಕಿದ ಮಗ್ಗಗಳವು. ಗಂಡ ಪುಂಡಲೀಕಪ್ಪ ಅವುಗಳ ಸದ್ದಿನಲ್ಲೇ ಬೆಳೆದವನು. ಅವನೊಡನೆ ಮಾತಾಡುವವರು ಗಂಟಲು ಏರಿಸಬೇಕಾಗಿತ್ತು. ಸೀರೆಯ ದರ ಬಿದ್ದು ನೂಲಿನ ದರ ಏರಿ, ಒಂದೊಂದೇ ಮಗ್ಗ ನಿಂತು, ಕಡೆಗೆ ಎಲ್ಲವೂ ಗುಜರಿಯವನ ಗಾಡಿ ಹತ್ತಿದ ಮೇಲೆ ಶೆಡ್ಡು ಬರಿದಾಯಿತು. ಬರಿದಾದ ಜಾಗವನ್ನು ಬಾಡಿಗೆಗೆ ಹಚ್ಚೋಣ ಎಂಬ ವಿಚಾರ ಪುಂಡಲೀಕಪ್ಪನದೇ. ವಿಚಾರ ಕೆಟ್ಟದ್ದಲ್ಲ. ಗೋಡೆ ಕಟ್ಟುವಾಗ ಅವನು ನೇಕಾರನಾಗಿಯೇ ಉಳಿದದ್ದು ಕೆಟ್ಟದ್ದಾಯಿತು.

ಗೌಂಡಿ ಯಮನೂರಪ್ಪ ಅಡ್ಡಗೋಡೆಗಳನ್ನು ಹಂಚಿನವರೆಗೆ ಒಯ್ಯಬೇಕೆಂದ. ಪುಂಡಲೀಕಪ್ಪ ಬೇಡವೆಂದ.

"ನೆತ್ತಿ ಮ್ಯಾಲ ಗಾಜಿನ ಹಂಚು ಒಂದ ಸಾಲು ಅದಾವು. ಗ್ವಾಡಿ ಮ್ಯಾಲ ಮಟ ಹ್ವಾದ್ರ ಬೆಳಕು ಒಂದ ಕಡಿ ನಿಂತು ಬಿಡ್ತೈತಿ. ಬೆಳಕಿಲ್ಲದ ಜಾಗಾದಾಗ ಎಳಿ ಕಡದ್ರ ಕಾಣತೈತೇನು?"

"ಯಣ್ಣಾ, ಇಲ್ಲಿ ಬರಾವ್ರು ಎಳಿ ಹಚ್ಚಾಕ ಬರಂಗಿಲ್ಲ. ಸಂಸಾರ ಮಾಡಾಕ ಬರ್ತಾರ."

"ಸಂಸಾರಕ್ಕೂ ಬೆಳಕು ಬೇಕಲೇ," ಎಂದ ಪುಂಡಲೀಕಪ್ಪ. ಜೀವಮಾನವಿಡೀ ನೆತ್ತಿಯ ಬೆಳಕಿನಲ್ಲಿ ಎಳೆ ನೋಡಿದವನಿಗೆ ಬೆಳಕನ್ನು ಗೋಡೆಯಿಂದ ತಡೆಯುವುದು ಅನ್ನ ಚೆಲ್ಲಿದಂತೆ. ಗೋಡೆಗಳು ಆಳೆತ್ತರಕ್ಕಿಂತ ಒಂದು ಮೊಳ ಮೇಲೆ ಹೋಗಿ ನಿಂತವು. ಅದೂ ಅರ್ಧ ಇಟ್ಟಂಗಿಯ ಗೋಡೆ. ಮುಂದೆ ಎತ್ತರಿಸೋಣವೆಂದರೆ ಭಾರ ತಾಳುವಂತಿರಲಿಲ್ಲ.

ಹೀಗೆ ಆರು ಖೋಲಿಗಳಿಗೆ ಆರು ಬಾಗಿಲು, ಆದರೆ ಮೇಲೆ ಗಾಳಿ ಒಂದೇ. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನು. ಗಂಡ ಹೆಂಡತಿ ಜಗಳಾಡಿದರೆ ಉಳಿದ ಐದು ಮನೆಯವರು ಮರುದಿನ ನ್ಯಾಯ ಹೇಳುವವರು. ಹೊಸದಾಗಿ ಮದುವೆಯಾದವರು ಬಂದರೆ ತಿಂಗಳು ತುಂಬುವುದರೊಳಗೆ ಮುಖ ತಗ್ಗಿಸಿ ಬೇರೆ ಮನೆ ಹುಡುಕಿಕೊಳ್ಳುತ್ತಿದ್ದರು. ಕಾರಣ ಕೇಳಿದರೆ ಹೇಳುತ್ತಿರಲಿಲ್ಲ. ಅಮೃತವ್ವ ಕೇಳುವುದನ್ನು ಬಿಟ್ಟಳು. ಸಂಸಾರವಂದಿಗರ ಬದಲು ಹೆಚ್ಚಾಗಿ ಹೋಟೆಲಿನ ಹುಡುಗರಿಗೆ, ಕಾಲೇಜಿನವರಿಗೆ, ಒಂಟಿ ಹೆಂಗಸರಿಗೆ ಕೊಡತೊಡಗಿದಳು. ಅಂಥವರಿಗೆ ಬಾಡಿಗೆ ಕಡಿಮೆ ಇಡಬೇಕು. ಒಂದು ಗೋಡೆಯ ತಪ್ಪು ತಿಂಗಳು ತಿಂಗಳೂ ತನ್ನ ಪಾಲು ವಸೂಲಿ ಮಾಡುತ್ತಿತ್ತು.

ಆರು ವರ್ಷದ ಹಿಂದೆ ಪುಂಡಲೀಕಪ್ಪ ತೀರಿಕೊಂಡ. ಅಲ್ಲಿಂದೀಚೆಗೆ ನಲ್ಲಿಯೂ ಅವಳ ಕೊರಳಿಗೇ ಬಿತ್ತು. ಈ ಊರಲ್ಲಿ ನೀರು ಎಂಟು ದಿನಕ್ಕೋ ಹತ್ತು ದಿನಕ್ಕೋ ಒಮ್ಮೆ ಬರುತ್ತದೆ. ಖೋಲಿಗಳಿಗೆಲ್ಲ ಸೇರಿ ಇದ್ದದ್ದು ಒಂದೇ ನಲ್ಲಿ, ಅದು ಅಮೃತವ್ವನ ಅಂಗಳದಲ್ಲಿ. ನೀರು ತುಂಬಿಡುವ ಹೌದೂ ಒಂದೇ, ಅದು ಅವಳ ಪಡಸಾಲೆಯ ಕೆಳಗೆ. ನೀರು ಬಂದ ದಿನ ಅವಳು ಗೂಟದಂತೆ ನಿಲ್ಲಬೇಕು. ಯಾರ ಬ್ಯಾರಲ್ ತುಂಬಿತು, ಯಾರು ಎರಡು ಕೊಡ ಹೆಚ್ಚು ಒಯ್ದರು, ಯಾರ ಮನೆಗೆ ನೆಂಟರು ಬಂದಿದ್ದಾರೆ. ತಾನು ಮನೆಯ ಮಾಲಕಿಯೋ ನೀರಿನ ಕಾವಲುಗಾರ್ತಿಯೋ ಅವಳಿಗೇ ತಿಳಿಯದಾಯಿತು. ಮೊಣಕಾಲು ಹಿಡಿದುಕೊಂಡ ಮೇಲಂತೂ ನಿಲ್ಲುವುದೇ ಕಷ್ಟವಾಯಿತು.

ಆದರೂ ಸುತ್ತಲಿನ ಊರುಗಳಿಂದ ಜನ ಅವಳ ಬಳಿ ಸಲಹೆ ಕೇಳಲು ಬರುತ್ತಿದ್ದರು. ಹಿರೇಹಂದಿಗೋಳದ ಲಕ್ಷ್ಮಪ್ಪ ಬಂದು, ಗದಗಿನಲ್ಲಿ ಒಂದು ಮನೆ ಕೊಂಡು ಬಾಡಿಗೆಗೆ ಹಚ್ಚಬೇಕು, ಏನು ನೋಡಬೇಕು ಎಂದು ಕೇಳಿದ್ದ. ಅವಳು ಹೇಳಿದ್ದಿಷ್ಟು: ಮನೆ ನೋಡಬೇಡ, ಓಣಿ ನೋಡು. ಮಾರುವವನನ್ನು ಕೇಳಬೇಡ, ಮೂಲೆಯ ಕಿರಾಣಿ ಅಂಗಡಿಯವನನ್ನು ಕೇಳು. ಆ ಮನೆಯಲ್ಲಿ ಬಾಡಿಗೆಯವರು ಎಷ್ಟು ದಿನ ನಿಲ್ಲುತ್ತಾರೆ ಎಂಬುದು ಅವನ ಉದ್ರಿ ಲೆಕ್ಕದ ಪುಸ್ತಕದಲ್ಲಿ ಗೊತ್ತಾಗುತ್ತದೆ. ಉತಾರ ತೆಗೆಸಿ ಯಾರ ಹೆಸರಿದೆ ನೋಡು. ಮನೆ ಹಿಡಿದ ಮೇಲೆ ಬೀಗರಿಗೆ ಮಾತ್ರ ಕೊಡಬೇಡ. ಲಕ್ಷ್ಮಪ್ಪ ಮೊದಲ ಮೂರೂ ಮಾಡಿದ. ಕಡೆಗೆ ಮನೆಯನ್ನು ತಂಗಿಯ ಗಂಡನಿಗೆ ಬಾಡಿಗೆಗೆ ಕೊಟ್ಟ. ಈಗ ಅವನಿಗೆ ಬಾಡಿಗೆಯೂ ಬರುವುದಿಲ್ಲ, ಪಂಚಮಿಗೆ ತಂಗಿಯೂ ಬರುವುದಿಲ್ಲ.

ಮುಂಡರಗಿಗೆ ಕೊಟ್ಟ ಮಗಳು ಭಾಗ್ಯಾ ಫೋನಿನಲ್ಲಿ ಪ್ರತಿ ಸಲ ಅದನ್ನೇ ಹೇಳುತ್ತಿದ್ದಳು: "ಮಾರಿ ಬಿಡು ಯವ್ವಾ. ರೊಕ್ಕ ಬ್ಯಾಂಕಿನ್ಯಾಗ ಇಡು. ಬ್ಯಾಂಕು ನೀರಿಲ್ಲಾ ಅಂತ ಬಾಗಲಾ ಬಡಿಯಂಗಿಲ್ಲ." ಮಗಳ ಮಾತಲ್ಲಿ ಅಮೃತವ್ವನಿಗೆ ಒಪ್ಪಿಗೆಯಾದ ಮೊದಲ ಮಾತು ಅದು. ಮುಂದಿನ ಮನೆಯಲ್ಲಿ ತಾನಿರುವುದು, ಹಿಂದಿನ ಶೆಡ್ಡು ಮಾರುವುದು ಎಂದು ಗೊತ್ತುಮಾಡಿ ದಲ್ಲಾಳಿ ನಿಜಾಮುದ್ದೀನನಿಗೆ ಹೇಳಿಕಳಿಸಿದಳು. ಅವನ ಅಪ್ಪ ಇದೇ ಶೆಡ್ಡಿನಲ್ಲಿ ಮಗ್ಗ ನಡೆಸಿದವನು. ಹಾಗಾಗಿ ಸಲುಗೆಯಿತ್ತು.

"ಗಿರಾಕಿ ಸಿಕ್ಕಾಳಕ್ಕಾ," ಎಂದು ಅವನು ತಿಂಗಳೊಳಗೆ ಬಂದ. "ಮುಂಡರಗಿ ದವಾಖಾನ್ಯಾಗ ನರ್ಸ್ ಅದಾಳ, ರೋಜಾ ಅಂತ. ಗಂಡಂದು ಶಿರಹಟ್ಟ್ಯಾಗ ಮೊಬೈಲ್ ಅಂಗಡಿ. ರೊಕ್ಕ ಆಕೀದ. ರಾತ್ರಿ ಪಾಳಿ ಮಾಡಿ ಮಾಡಿ ಕೂಡಿಟ್ಟಾಳ. ನಾಳೆ ಕರಕೊಂಡು ಬರ್ತೀನಿ."

"ನಾಳೆ ನೀರು ಬರೂ ದಿನಾ."

"ಅದಕ್ಕ ನಾಳೆ ಅಂದೆ. ನೀವು ಚಾ ಮಾಡ್ರಿ, ಮಾತು ನಾ ಮಾಡ್ತೀನಿ."

ಅಮೃತವ್ವ ಅವನ ಮುಖವನ್ನೊಮ್ಮೆ ನೋಡಿದಳು.

ಮರುದಿನ ರೋಜಾ ಬಂದಾಗ ನಲ್ಲಿ ಭರ್ರನೆ ಸುರಿಯುತ್ತಿತ್ತು. ಬಾಡಿಗೆಯವರೆಲ್ಲ ಅಂಗಳದಲ್ಲಿ ಕೊಡ ಹಿಡಿದು ನಿಂತಿದ್ದರು. ಆದ್ದರಿಂದ ಖೋಲಿಗಳು ಖಾಲಿಯಾಗಿ, ಸದ್ದಿಲ್ಲದೆ, ನೆತ್ತಿಯ ಬೆಳಕು ಬಿದ್ದು, ತೊಳೆದಿಟ್ಟಂತೆ ಕಾಣುತ್ತಿದ್ದವು. ರೋಜಾ ಮೂವತ್ತೈದರ ಆಸುಪಾಸಿನ, ಕಣ್ಣಿನ ಕೆಳಗೆ ಕಪ್ಪುಗಟ್ಟಿದ ಹೆಂಗಸು. ಗೋಡೆ ತಟ್ಟಿ ನೋಡಿದಳು, ಬಾಗಿಲಿನ ಚಿಲಕ ಹಾಕಿ ತೆಗೆದಳು, ತಲೆಯೆತ್ತಿ ಮೇಲೆ ನೋಡಿದಳು.

"ಮ್ಯಾಲ ಯಾಕ್ರಿ ಬಿಟ್ಟಾರ?"

"ಗಾಳಿಗೆ," ಎಂದ ನಿಜಾಮುದ್ದೀನ. "ಬ್ಯಾಸಗ್ಯಾಗ ಫ್ಯಾನ್ ಬ್ಯಾಡ ಇಲ್ಲೆ."

"ಛಲೋ ಐತಿ. ಲಕ್ಷ್ಮೇಶ್ವರದಾಗೂ ಒಂದು ಮನಿ ನೋಡೇನಿ. ಅಲ್ಲಿ ಒಂದ ಬಾಡಗಿ, ಇಲ್ಲೆ ಆರು." ರೋಜಾ ಅಮೃತವ್ವನ ಕಡೆ ತಿರುಗಿದಳು. "ನೀವೇನಂತೀರಿ ಅವ್ವಾರ? ಬಾಡಗಿ ಮನಿ ವಿಚಾರ ನಿಮ್ಮನ್ನ ಕೇಳಬೇಕು ಅಂತ ಮುಂಡರಗಿ ಮಟ ಹೇಳ್ತಾರ."

ಅಮೃತವ್ವ ಚಹಾದ ಕಪ್ಪು ಮುಂದೆ ಮಾಡಿದಳು. "ಒಂದು ಮನಿ ಖಾಲಿ ಬಿದ್ರ ಪೂರ್ತಿ ಖಾಲಿ. ಆರರಾಗ ಒಂದು ಖಾಲಿ ಬಿದ್ರ ಐದು ಉಳೀತಾವು," ಎಂದಳು. ಸುಳ್ಳಲ್ಲ. ಆದರೆ ಉಳಿದದ್ದನ್ನು ಹೇಳಲಿಲ್ಲ. ಬರುವ ವಾರ ಮುಂಗಡದ ಸಂಚಕಾರ ಕೊಡುವುದಾಗಿ ಹೇಳಿ ರೋಜಾ ಬಸ್ಸಿಗೆ ಹೋದಳು. ನಿಜಾಮುದ್ದೀನ ಬಾಗಿಲಲ್ಲಿ ನಿಂತು ಎರಡೂ ಕೈ ಜೋಡಿಸಿದ. "ಇವತ್ತ ಒಂದ ದಿನಾ ಸುಮ್ನ ಇದ್ರ್ಯಲ್ಲಾ, ಅಷ್ಟ ಸಾಕಕ್ಕಾ."

ಮುಂದಿನ ದಿನಗಳಲ್ಲಿ ಅಮೃತವ್ವನ ತಲೆ ಕೆಡಿಸಿದ್ದು ಧರ್ಮ ಅಧರ್ಮದ ಮಾತಲ್ಲ. ಮಾರುವವಳು ಮಾರುತ್ತಾಳೆ, ಕೊಳ್ಳುವವಳು ಕಣ್ಣು ಬಿಟ್ಟು ಕೊಳ್ಳಬೇಕು ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಅವಳು ಯೋಚಿಸಿದ್ದು ಬೇರೆ. ನಲ್ಲಿ ತನ್ನ ಅಂಗಳದಲ್ಲಿದೆ. ನೀರಿನ ಹೌದು ತನ್ನ ಕಾಲ ಕೆಳಗಿದೆ. ಶೆಡ್ಡಿಗೆ ಹೋಗುವ ದಾರಿ ತನ್ನ ಬಾಗಿಲ ಮುಂದೆಯೇ. ಹೊಸ ಮಾಲಕಿ ಮುಂಡರಗಿಯಲ್ಲಿ ಹಗಲು ಮಲಗಿ ರಾತ್ರಿ ಕೆಲಸ ಮಾಡುವವಳು. ನೀರಿಲ್ಲದಿದ್ದರೆ ಆರು ಮನೆಯವರು ಯಾರ ಬಾಗಿಲು ಬಡಿಯುತ್ತಾರೆ? ಮೋಸ ಹೋದೆನೆಂದು ತಿಳಿದ ದಿನ ಆ ಹೆಂಗಸು ಎಲ್ಲಿ ಬಂದು ಕೂಡುತ್ತಾಳೆ? ರೊಕ್ಕ ಬ್ಯಾಂಕಿಗೆ ಹೋಗುತ್ತದೆ, ತಾನು ಇಲ್ಲೇ ಇರುತ್ತೇನೆ. ಏನೂ ತಿಳಿಯದವಳಿಗೆ ಮಾರಿದರೆ ಖೋಲಿಗಳು ಕಾಗದದ ಮೇಲಷ್ಟೇ ಹೋಗುತ್ತವೆ, ಮೈಮೇಲಿಂದ ಹೋಗುವುದಿಲ್ಲ.

ನಿಜಾಮುದ್ದೀನನಿಗೆ ಫೋನ್ ಮಾಡಿದಳು. "ಸಂಚಕಾರ ಕೊಡೂಕಿಂತ ಮೊದ್ಲ ಆಕೀನ್ನ ಮತ್ತೊಮ್ಮೆ ಕರಕೊಂಡು ಬಾ. ನೀರು ಬಂದು ಒಂದು ವಾರ ದಾಟಿರಬೇಕು, ಸಂಜಿ ಹೊತ್ತಿನ್ಯಾಗ ಬರಬೇಕು."

ಅತ್ತಲಿಂದ ನಿಜಾಮುದ್ದೀನ, "ಅಕ್ಕಾ, ನಾ ನಿಮಗೇನು ಅನ್ಯಾಯ ಮಾಡೇನಿ?" ಎಂದ.

"ಏನಿಲ್ಲ. ಬಾ."

ರೋಜಾ ಪಾಳಿ ಬದಲಿಸಿಕೊಂಡು ಬಂದಳು. ಆ ಸಂಜೆ ಖೋಲಿಗಳೆಲ್ಲ ತುಂಬಿದ್ದವು. ಒಂದರಲ್ಲಿ ಟಿವಿ, ಇನ್ನೊಂದರಲ್ಲಿ ಅಳುವ ಕೂಸು, ಮೂರನೆಯದರಲ್ಲಿ ಮೆಣಸಿನಕಾಯಿ ಹುರಿಯುವ ಘಾಟು. ಘಾಟು ಗೋಡೆ ಹತ್ತಿ ಇಳಿದು ಎಲ್ಲರನ್ನೂ ಕೆಮ್ಮಿಸುತ್ತಿತ್ತು. ಕಡೆಯ ಖೋಲಿಯ ಹನಮಂತವ್ವ ಒಳಗಿಂದಲೇ, "ಕೊಟ್ರೇಶಾ, ಟಿವಿ ಸಣ್ಣ ಮಾಡಲೇ, ನನ್ನ ತಲಿ ಒಡಿತೈತಿ," ಎಂದಳು. ನಡುವಿನ ಖೋಲಿಯಿಂದ ಖಾನಾವಳಿಯಲ್ಲಿ ಬಡಿಸುವ ಕೊಟ್ರೇಶ, "ನಿಂದ ಧಾರಾವಾಹಿನ ಹಚ್ಚೇನಿ ದೊಡ್ಡವ್ವ. ಅಲ್ಲೇ ಕುಂತು ಕೇಳು, ಕೇಬಲ್ ಬಿಲ್ ನಂದು," ಎಂದ. ಮೂರು ಮನೆಗಳಲ್ಲಿ ನಗು ಕೇಳಿಸಿತು. ರೋಜಾ ನಗಲಿಲ್ಲ. ಗೋಡೆಯ ಮೇಲಿನ ಬಯಲನ್ನು ನೋಡುತ್ತ ನಿಂತಳು. ಆಮೇಲೆ ಬಾಗಿಲ ಹೊರಗಿದ್ದ ಬ್ಯಾರಲ್ಲುಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡಿದಳು. ತಳದಲ್ಲಿ ಗೇಣು ನೀರಿತ್ತು. ಒಂದು ಪೂರ್ತಿ ಒಣಗಿತ್ತು.

ಪಡಸಾಲೆಯಲ್ಲಿ ಕೂತ ಮೇಲೆ ಅಮೃತವ್ವ ಚಹಾ ಮಾಡಲಿಲ್ಲ. ನೇರ ಹೇಳಿದಳು.

"ಈಗ ನೋಡಿದಿ. ಗ್ವಾಡಿ ಎತ್ತರ ಮಾಡಾಕ ಬರಂಗಿಲ್ಲ, ಅರ್ಧ ಇಟ್ಟಂಗೀದು. ಕೆಡವಿ ಕಟ್ಟಬೇಕು. ಕಟ್ಟಿದ್ರ ಎರಡು ಖೋಲಿ ಕತ್ತಲಿ ಆಗ್ತಾವು, ಅವಕ್ಕ ಕಿಡಕಿ ಒಡಸಬೇಕು. ನೀರಿಗೆ ಹಿಂದಿನ ಸಂದ್ಯಾಗ ನಿಂದ ಬ್ಯಾರೆ ನಲ್ಲಿ ತಗೋ, ಬ್ಯಾರೆ ಟಾಕಿ ಕಟ್ಟಸು. ಕರೆಂಟಿನ ಮೀಟರು ಆರಕ್ಕೂ ಬ್ಯಾರೆ ಮಾಡಸು. ಇವೆಲ್ಲಾ ಲೆಕ್ಕ ಹಿಡದ ಮ್ಯಾಲ ಬೆಲಿ ಮಾತಾಡು."

ನಿಜಾಮುದ್ದೀನ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.

"ಬಾಡಗಿ ವರ್ಷಕ್ಕ ಎಷ್ಟು ಬರ್ತೈತ್ರಿ ಖರೆ ಅಂದ್ರ?" ರೋಜಾಳ ದನಿಯಲ್ಲಿ ಸಿಟ್ಟಿತ್ತೋ ದಣಿವಿತ್ತೋ ತಿಳಿಯಲಿಲ್ಲ.

"ಹನ್ನೆರಡು ತಿಂಗಳಿಗೆ ಗುಣಸಬ್ಯಾಡ, ಹತ್ತಕ್ಕ ಗುಣಸು. ಒಂದು ತಿಂಗಳಿಂದು ಖಾಲಿ ಬೀಳೂದಕ್ಕ ಹೋತು, ಒಂದು ತಿಂಗಳಿಂದು ರಿಪೇರಿಗೆ ಹೋತು. ಡಿಪಾಜಿಟ್ ನಿಂದಲ್ಲ, ಅದನ್ನ ಮುಟ್ಟಬ್ಯಾಡ. ನಾ ಒಮ್ಮೆ ಭಾಗ್ಯಾನ ಬಾಣಂತನಕ್ಕ ಮುಟ್ಟಿದೆ. ಬಾಡಗಿಯಾಂವ ಬಿಟ್ಟು ಹೊಂಟಾಗ ಸಾಲಕ್ಕ ಊರು ತುಂಬಾ ತಿರುಗಿದೆ. ಹನ್ನೊಂದು ತಿಂಗಳ ಕಾಗದಾ ಎಲ್ಲಾರ ಕೂಡ ಮಾಡು, ಗುರುತಿನವ್ರು ಇರಲಿ, ದೇವ್ರು ಇರಲಿ. ಮತ್ತ ಇನ್ನೊಂದು. ನೂರು ರೂಪಾಯಿ ಹೆಚ್ಚು ಕೊಡ್ತೀನಿ ಅಂದಾಂವ್ನ ಆಸೆಗೆ ಮೂರು ವರ್ಷ ನೆಟ್ಟಗ ಇದ್ದಾಂವ್ನ ಬಿಡಸಬ್ಯಾಡ."

"ಮತ್ತ ನೀವ್ಯಾಕ ಮಾರ್ತೀರಿ?"

"ದಣದೀನಿ," ಎಂದಳು ಅಮೃತವ್ವ.

ರೋಜಾ ಫೋನು ತೆಗೆದು ಲೆಕ್ಕ ಹಾಕುತ್ತ ಕೂತಳು. ಅಮೃತವ್ವ ಮೊಣಕಾಲು ತಿಕ್ಕಿಕೊಂಡಳು. ಈ ಹೆಂಗಸು ಎದ್ದು ಹೋದರೆ ಇನ್ನೊಬ್ಬ ಗಿರಾಕಿ ಬರುವತನಕ ಮತ್ತೆಷ್ಟು ಸಲ ನಲ್ಲಿಯ ಮುಂದೆ ನಿಲ್ಲಬೇಕೋ. ಕಡೆಗೆ ರೋಜಾ ತಲೆಯೆತ್ತಿದಳು.

"ಮೊನ್ನಿ ಹೇಳಿದ ಬೆಲಿಗೆ ಆಗಂಗಿಲ್ರಿ."

"ಗೊತ್ತೈತಿ."

"ಲಕ್ಷ್ಮೇಶ್ವರದ್ದು ಬಿಟ್ಟೆ. ಅಲ್ಲಿ ಮಾರಾಂವ ಏನೂ ಹೇಳವಲ್ಲ. ಎಲ್ಲಾ ಛಲೋ ಅಂತಾನ. ಅದಕ ಅಂಜಿಕಿ ಬಂತು." ಅವಳು ಕಡಿಮೆ ಮಾಡಿದ ಬೆಲೆ ಹೇಳಿದಳು. ಅಮೃತವ್ವ ಎಣಿಸಿದ್ದಕ್ಕಿಂತ ಅದು ಕೆಳಗಿತ್ತು, ಆದರೆ ಅನ್ಯಾಯದ್ದಾಗಿರಲಿಲ್ಲ. "ಒಂದ ಮಾತು ಅವ್ವಾರ. ನಾ ಮುಂಡರಗ್ಯಾಗ ಇರಾಕಿ. ಎರಡು ವರ್ಷ ನೀವ ನೋಡ್ಕೊಂಡು ಹೋಗ್ರಿ. ಬಾಡಗಿ ಎತ್ತೂದು, ನೀರು, ಜಗಳ. ತಿಂಗಳಾ ನಿಮಗ ಇಷ್ಟು ಅಂತ ಕೊಡ್ತೀನಿ. ನೀವು ಹೂಂ ಅಂದ್ರ ಬೆಲಿನೂ ಸ್ವಲ್ಪ ಏರಸ್ತೀನಿ."

ಹೊರಗಿಂದ ನಿಜಾಮುದ್ದೀನ ಒಳಗೆ ಇಣುಕಿದ. ಅವನ ಮುಖಕ್ಕೆ ಜೀವ ಬಂದಿತ್ತು. "ಹೂಂ ಅನ್ರಿ ಅಕ್ಕಾ. ಹೆಂಗೂ ಮಾಡ್ತಿರೂದ ಅಲ್ಲಾ?"

ಅಮೃತವ್ವ ರೊಕ್ಕ ಬೇಡವೆನ್ನುವಷ್ಟು ಅನುಕೂಲಸ್ಥಳಲ್ಲ. ಮೊಣಕಾಲಿನ ಡಾಕ್ಟರ ಫೀ, ಭಾಗ್ಯಾಳ ಮಗಳಿಗೆ ಇಟ್ಟುಕೊಂಡ ಸರದ ಆಸೆ, ಎಲ್ಲವೂ ನೆನಪಿಗೆ ಬಂದವು.

"ನಾ ಮಾರಾಕ ಹೊಂಟಿದ್ದು ಅದನ್ನ ತಂಗಿ," ಎಂದಳು. "ಖೋಲಿ ಅಲ್ಲ. ಖೋಲಿ ಬೇಕಾದ್ರ ಇನ್ನೂ ನಾಕು ಕಾಸು ಕಡಿಮಿ ಮಾಡ್ಕೋ. ನೋಡ್ಕೊಳ್ಳೂದು ಮಾತ್ರ ನಿಂದು."

"ಅಷ್ಟ ದೂರಿಂದ ಹೆಂಗ ನೋಡ್ಕೊಳ್ಳಲಿ?"

"ಅದನ್ನ ಬೇಕಾದ್ರ ಹೇಳ್ತೀನಿ. ಕೊಟ್ರೇಶಗ ಬಾಡಗಿ ಅರ್ಧಾ ಮಾಡು, ಕೀಲಿ ಅವನ ಕಡೆ ಕೊಡು. ಅಂವ ಖಾನಾವಳ್ಯಾಗ ಹಸದು ಬಂದವ್ರನ್ನ ದಿನಾ ಸಂಭಾಳಸ್ತಾನ, ಐದು ಮನಿ ಅವಗ ಭಾರ ಅಲ್ಲ. ವಾರಕ್ಕೊಮ್ಮೆ ನೀ ಬರಬೇಕು. ತಿಂಗಳಿಗೊಮ್ಮೆ ಬಂದ್ರ ಬಾಡಗಿ ಕೈಯಾಗ ಬರ್ತೈತಿ, ಮನಿ ಕೈ ಬಿಟ್ಟು ಹೋಗ್ತೈತಿ. ವಾರಕ್ಕೊಮ್ಮೆ ಬರಾಕ ಆಗಂಗಿಲ್ಲ ಅಂದ್ರ ಈ ವ್ಯವಹಾರಾನ ಬ್ಯಾಡ. ಬ್ಯಾಂಕಿನ್ಯಾಗ ಇಡು, ಮಲಕೋ."

"ನನಗ ಮಲಗೂ ಹಣೆಬರಹ ಇಲ್ರಿ," ಎಂದಳು ರೋಜಾ.

"ಹಂಗಾರ ತಗೋ."

ಬೆಲೆ ಇನ್ನಷ್ಟು ಇಳಿಯಿತು. ನಿಜಾಮುದ್ದೀನ ತನ್ನ ದಲಾಲಿ ಕಡಿಮೆಯಾದದ್ದನ್ನು ಎರಡು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದ. "ಈ ಅಕ್ಕ ಅಂಗಡಿ ಇಟ್ರ ಗಿರಾಕಿಗೆ ಹುಳುಕಿನ ಬ್ಯಾಳಿ ಆರಿಸಿ ತೋರಸ್ತಾಳ," ಎಂದ. ಆದರೆ ಕಾಗದಪತ್ರ ಎಲ್ಲ ಅವನೇ ಓಡಾಡಿ ಮಾಡಿಸಿದ. ನೋಂದಣಿಯ ದಿನ ಸಹಿ ಮಾಡಿ ಹೊರಬಂದಾಗ ಅಮೃತವ್ವನಿಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಬಿಸಿಲು ಬಹಳವಿತ್ತು. ಆಟೋದವನು ಎಷ್ಟು ಕೇಳಿದನೋ ಅಷ್ಟು ಕೊಟ್ಟು ಮನೆಗೆ ಬಂದಳು.

ರೋಜಾ ಹಿಂದಿನ ಸಂದಿಯಲ್ಲಿ ನಲ್ಲಿ ಹಾಕಿಸಿದಳು, ಟಾಕಿ ಕಟ್ಟಿಸಿದಳು, ಶೆಡ್ಡಿನ ಹಿಂಗೋಡೆ ಒಡೆದು ಆ ಕಡೆಗೆ ಬಾಗಿಲು ತೆಗೆಸಿದಳು. ಈ ಕಡೆಯ ದಾರಿಗೆ ಒಂದು ತಗಡಿನ ಗೇಟು ಬಂತು. ಸಾಲದ ಕಂತು, ರಜೆಯ ತೊಂದರೆ, ಗಂಡನ ಗೊಣಗಾಟ, ಎಲ್ಲವನ್ನೂ ಅವಳು ಬಂದಾಗೊಮ್ಮೆ ಅಮೃತವ್ವನ ಎದುರು ಹೇಳುತ್ತಿದ್ದಳು. ಅಮೃತವ್ವ ಕೇಳುತ್ತಿದ್ದಳು. ಕೇಳಿದ್ದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ.

ಬಾಡಿಗೆಯವರಿಗೆ ರೂಢಿ ತಪ್ಪಲು ಹೊತ್ತು ಹಿಡಿಯಿತು. ಒಂದು ಮಧ್ಯಾಹ್ನ ಹನಮಂತವ್ವ ಓಣಿಯನ್ನೆಲ್ಲ ಬಳಸಿಕೊಂಡು ಬಂದು ಮುಂಬಾಗಿಲು ಬಡಿದಳು.

"ಅಮೃತಕ್ಕಾ. ಫ್ಯೂಜ್ ಹೋಗೇತಿ."

"ಕೊಟ್ರೇಶಗ ಹೇಳು," ಎಂದಳು ಅಮೃತವ್ವ ಮಲಗಿದಲ್ಲಿಂದ.

"ಅಂವ ಊಟಾ ಬಡಸಾಕ ಹೋಗ್ಯಾನ."

"ರೋಜಾಗ ಫೋನ್ ಹಚ್ಚು."

"ಹಚ್ಚಿದೆ. ಎತ್ತವಲ್ಲಳು."

"ಮತ್ತ ಹಚ್ಚು."

"ಒಂದೀಟು ಬಂದು ನೋಡಬಾರದಾ? ನಿನಗ ಗೊತ್ತೈತಿ ಎಲ್ಲೆ ಐತಿ ಅಂತ."

ಗೊತ್ತಿತ್ತು. ಮೂರನೆಯ ಖೋಲಿಯ ಬಾಗಿಲ ಪಕ್ಕ, ತಂತಿ ಸಡಿಲಾಗಿದ್ದರೆ ಒತ್ತಿದರೆ ಸಾಕು. ಅಮೃತವ್ವನ ಬಲಗಾಲು ಆಗಲೇ ಮಂಚದಿಂದ ಇಳಿದು ನೆಲ ಮುಟ್ಟಿತ್ತು. ಅವಳು ಅದನ್ನು ನೋಡಿದಳು. ಹೊರಗೆ ಹನಮಂತವ್ವ ಕಾಯುತ್ತಿದ್ದಳು, ಅವಳ ಬಳೆ ಬಾಗಿಲಿಗೆ ತಾಗಿದ ಸದ್ದು ಕೇಳಿಸಿತು.

ಅಮೃತವ್ವ ಎರಡೂ ಕೈಯಿಂದ ಮೊಣಕಾಲು ಹಿಡಿದು ಎತ್ತಿ ಕಾಲನ್ನು ಮತ್ತೆ ಹಾಸಿಗೆಯ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ಹೊರಗಿನ ಚಪ್ಪಲಿಯ ಸದ್ದು, ಏನೋ ಗೊಣಗುತ್ತ, ಓಣಿಯ ಕಡೆಗೆ ಹೋಯಿತು.